ದಸ್ತೂರಿ ಮತ್ತು ಮಾಮೂಲು: ಮುಂಬಯಿಯ ಗಿರಣಿ ಕೇರಿಗಳ ಅಪರಾಧ ಚರಿತ್ರೆ

ಮುಂಬಯಿಯ ಹತ್ತಿಗಿರಣಿಗಳಲ್ಲಿ ಬಳಕೆಯಲ್ಲಿದ್ದ 'ದಸ್ತೂರಿ' ಎಂಬ ಒಂದು ಪದದಿಂದ ಈ ಲೇಖನವನ್ನು ಆರಂಭಿಸಬಹುದು. ಪಾರಸಿಯಲ್ಲಿ 'ದಸ್ತೂರ್' ಎಂದರೆ ರೂಢಿ. ರೂಢಿಯಂತೆ ಸಲ್ಲತಕ್ಕ ಹಣ ದಸ್ತೂರಿ. ಗಿರಣಿಯಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ: ಕೆಲಸ ಬೇಕೆಂದವನು ಮುಕಾದಮನಿಗೆ ಸಲ್ಲಿಸಬೇಕಾದ ಲಂಚ. ನಮ್ಮ 'ಮಾಮೂಲು' ಕೂಡ ಇದೇ ಹಾದಿಯಲ್ಲಿ ನಡೆದುಬಂದ ಪದ. ಎಂದಿನಂತೆ ನಡೆಯುವುದೂ ಮಾಮೂಲೇ, ಕಚೇರಿಯಲ್ಲಿ ಕೈ ಬೆಚ್ಚಗೆ ಮಾಡುವುದೂ ಮಾಮೂಲೇ. ಭಾಷೆಗೆ ತಿಳಿದಿರುವ ಈ ಸಂಗತಿಯನ್ನು ಚರಿತ್ರಕಾರರು ಹಲವೊಮ್ಮೆ ಮರೆತಿದ್ದಾರೆ. ಪೊಲೀಸ್ ವರದಿಗಳನ್ನೇ ಆಧರಿಸಿ ನಗರದ ಅಪರಾಧ ಚರಿತ್ರೆಯನ್ನು ಬರೆದಾಗ ಬಡವರ ಕೇರಿಗಳಷ್ಟೇ ಅಪರಾಧದ ನೆಲೆಗಳಾಗಿ ಕಾಣುತ್ತವೆ. ಉದ್ಯಮವು ಅವುಗಳಿಂದ ದೂರ ನಿಂತ ಶುಭ್ರ ವಸ್ತುವಾಗುತ್ತದೆ. ಅಪರಾಧವೆನಿಸಿಕೊಂಡದ್ದರಲ್ಲಿ ಬಹುಪಾಲು ಉದ್ಯಮದ ಒಳವ್ಯವಸ್ಥೆಗೇ ಸೇರಿದ್ದೆಂಬುದು ನಮ್ಮ ಅಭಿಪ್ರಾಯ.

ಕಾವಸ್‌ಜಿ ದಾವರ್ ಅವರು 1854ರಲ್ಲಿ ಸ್ಥಾಪಿಸಿದ ಗಿರಣಿ 1856ರಲ್ಲಿ ಕೆಲಸ ಆರಂಭಿಸಿತು. ಅದು ಬೇರೂರುವ ಮೊದಲೇ ನಗರಕ್ಕೆ ಜೂಜಿನ ರುಚಿ ಹತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಇಲ್ಲಿಯ ಹತ್ತಿಗೆ ಕಂಡರಿಯದ ಬೆಲೆ ಬಂದಿತು. ಬಂದ ಹಣ ಬ್ಯಾಕ್ ಬೇ ಕಂಪನಿಯಂಥ ಷೇರುಗಳ ಸಟ್ಟಾದಲ್ಲಿ ಹರಿಯಿತು. ಯುದ್ಧ ನಿಂತೊಡನೆ ಎಲ್ಲವೂ ಕುಸಿಯಿತು. ಸರ್ಕಾರದ ಪಾಲುಗಾರಿಕೆಯಿದ್ದ ಬ್ಯಾಂಕ್ ಆಫ್ ಬಾಂಬೆಯೇ ಮುಳುಗಿತು. ಅದಕ್ಕೆ ವಿಚಾರಣಾ ಆಯೋಗವೇನೋ ನೇಮಕವಾಯಿತು. ಆದರೆ ಆ ಸಟ್ಟಾದ ದೊಡ್ಡ ಕುಳಗಳನ್ನು ಬದ್ಮಾಷರ ಪಟ್ಟಿಗೆ ಸೇರಿಸುವ ಯೋಚನೆ ಯಾರಿಗೂ ಬರಲಿಲ್ಲ. ಗಿರಣಿಗಳ ಮ್ಯಾನೇಜಿಂಗ್ ಏಜೆಂಟರು ಆರಂಭದ ದಶಕಗಳಲ್ಲಿ ಲಾಭವಾಗಲಿ ನಷ್ಟವಾಗಲಿ, ತಯಾರಾದ ಮಾಲಿನ ಪ್ರತಿ ಪೌಂಡಿಗೆ ಕಾಲಾಣೆಯಂತೆ ಕಮಿಷನ್ ಪಡೆಯುತ್ತಿದ್ದರು. ಪಾಲುದಾರರ ಗಂಟಿನಿಂದ ತೆಗೆದರೆ ಕಮಿಷನ್, ಕೂಲಿಯ ಗಂಟಿನಿಂದ ತೆಗೆದರೆ ದಸ್ತೂರಿ!

ಮುಕಾದಮನನ್ನು ಆಂಗ್ಲ ದಾಖಲೆಗಳು 'ಜಾಬರ್' ಎಂದು ಕರೆಯುತ್ತವೆ. ಆತ ಯಂತ್ರಗಳ ಮೇಲ್ವಿಚಾರಕ. ಆಳುಗಳನ್ನು ನೇಮಿಸುವವನೂ ತೆಗೆದುಹಾಕುವವನೂ ಆತನೇ. ಬೆಳಗಿನ ಜಾವ ಗಿರಣಿಯ ಬಾಗಿಲಲ್ಲಿ ನಿಂತ ಬದಲಿ ಆಳುಗಳಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದು ಅವನ ಕಣ್ಸನ್ನೆಯಲ್ಲಿತ್ತು. ಮಾರುಕಟ್ಟೆ ಏರಿದಾಗ ಹೆಚ್ಚು ಆಳು, ಇಳಿದಾಗ ಕಡಿಮೆ ಆಳು ಬೇಕಾಗಿದ್ದ ಮಾಲಿಕರಿಗೆ ಇದು ಅತಿ ಅಗ್ಗದ ಏರ್ಪಾಡು. ಲಂಚ ನಡೆಯುತ್ತದೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಗಿರಣಿ ಮಾಲಿಕರ ಸಂಘ 1935ರಲ್ಲಿ ಬದಲಿ ಆಳುಗಳ ನಿಯಂತ್ರಣ ಪದ್ಧತಿಯನ್ನು ತಂದದ್ದು ಕಾರ್ಮಿಕ ಚಳವಳಿ ಬಲಗೊಂಡು, ಹಳೆಯ ಏರ್ಪಾಡು ಅವರಿಗೇ ಭಾರವಾದ ಮೇಲೆ.

ಮುಕಾದಮನ ಅಧಿಕಾರ ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಚಾಳಿನ ಕೋಣೆ, ಖಾನಾವಳಿಯ ಲೆಕ್ಕ, ಸಾಲ ಇವೆಲ್ಲಕ್ಕೂ ಅವನ ಮಾತೇ ಜಾಮೀನು. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿಯೆಂದರೆ ವರ್ಷಕ್ಕೆ ನೂರಕ್ಕೆ ಎಪ್ಪತ್ತೈದು; ಅಂಥ ಸಾಲದ ವಸೂಲಿಗೆ ತೋಳ್ಬಲ ಬೇಕು. ಆ ತೋಳ್ಬಲದವನೇ ಕೇರಿಯ 'ದಾದಾ'. ಅಖಾಡೆ ನಡೆಸುವವನು, ಹಬ್ಬಕ್ಕೆ ವಂತಿಗೆ ಎತ್ತುವವನು, ಜಗಳ ಬಗೆಹರಿಸುವವನು, ಅಗತ್ಯ ಬಿದ್ದರೆ ಜಗಳ ಹಚ್ಚುವವನು. ರಾಜನಾರಾಯಣ ಚಂದಾವರ್ಕರ್ ಅವರ 1994ರ ಗ್ರಂಥ ಈ ಕೇರಿ ಸಂಬಂಧಗಳನ್ನು ವಿವರವಾಗಿ ಬಿಡಿಸಿ ತೋರಿಸಿದೆ. ದಾದಾನನ್ನು ಬರಿಯ ಗೂಂಡಾ ಎಂದು ತಳ್ಳಿಹಾಕುವುದು ಅದರ ನಂತರ ಕಷ್ಟ. 1928ರಲ್ಲಿ ಆರು ತಿಂಗಳು ನಡೆದ ಮುಷ್ಕರದಲ್ಲಿ ಮತ್ತು 1929ರ ಮುಷ್ಕರದಲ್ಲಿ ದಾದಾಗಳು ಎರಡೂ ಕಡೆ ಇದ್ದರು. ಶಿವಡಿಯ ತೈಲ ಸ್ಥಾವರದಲ್ಲಿ ಮುಷ್ಕರ ಮುರಿಯಲು ಪಠಾಣರನ್ನು ತಂದು ನಿಲ್ಲಿಸಲಾಯಿತು. ಸಾಲ ಕೊಡುವವರೆಂದು ಮೊದಲೇ ಅವರ ಮೇಲಿದ್ದ ಸಿಟ್ಟಿಗೆ ಮಕ್ಕಳ ಅಪಹರಣದ ಗಾಳಿಸುದ್ದಿ ಸೇರಿ, 1929ರ ಫೆಬ್ರವರಿಯ ಗಲಭೆ ಹೊತ್ತಿತು. ಅದನ್ನು ಕೇವಲ ಕೋಮುಗಲಭೆಯೆಂದು ಓದಿದರೆ ಸಾಲ, ಕೂಲಿ, ಮುಷ್ಕರಗಳ ಸರಪಳಿಯೇ ಮರೆಯಾಗುತ್ತದೆ.

ಇಂಥ ಕೇರಿಗೆ ನಗರಸಭೆಯಲ್ಲಿ ಬಾಯಿಯಿರಲಿಲ್ಲ. ಮತದ ಹಕ್ಕು ತೆರಿಗೆ ಮತ್ತು ಬಾಡಿಗೆಗಳ ಪ್ರಮಾಣಕ್ಕೆ ಅಂಟಿಕೊಂಡಿತ್ತು. ವಯಸ್ಕ ಮತಾಧಿಕಾರದ ಮೊದಲ ಚುನಾವಣೆ ನಡೆದದ್ದು 1948ರಲ್ಲಿ. ಅಲ್ಲಿಯತನಕ ಒಂದು ನಲ್ಲಿ, ಒಂದು ಪಾಯಖಾನೆ ಬೇಕೆಂದರೂ ಮತವಿಲ್ಲದ ಬಾಡಿಗೆದಾರನು ಮಧ್ಯಸ್ಥನೊಬ್ಬನನ್ನು ಹಿಡಿಯಬೇಕಿತ್ತು. ಮಧ್ಯಸ್ಥಿಕೆಗೆ ಮತ್ತೆ ಮಾಮೂಲು.

ಹೆಂಗಸರ ವಿಷಯದಲ್ಲಿ ಈ ಸರಪಳಿ ಇನ್ನೂ ಬಿಗಿ. 1921ರ ಜನಗಣತಿಯಲ್ಲಿ ಮುಂಬಯಿಯ ಸಾವಿರ ಗಂಡಸರಿಗೆ ಇದ್ದ ಹೆಂಗಸರು 525ರ ಆಸುಪಾಸು. ಊರಲ್ಲಿ ಸಂಸಾರ ಬಿಟ್ಟು ಬಂದ ಗಂಡಾಳುಗಳ ನಗರವದು. ಗಿರಣಿಯ ಹೆಣ್ಣಾಳುಗಳ ಮೇಲಿನ ಮೇಸ್ತ್ರಿಣಿಗೆ 'ನಾಯಕೀಣ' ಎಂದು ಹೆಸರು. ಗಣಿಕೆಗೂ ಆ ಸೀಮೆಯಲ್ಲಿ ಅದೇ ಹೆಸರು. ಕನ್ನಡದ 'ನಾಯಕಸಾನಿ'ಯನ್ನು ಬಲ್ಲವರಿಗೆ ಇದು ಹೊಸದಲ್ಲ. 1917ರಲ್ಲಿ ಡಂಕನ್ ರಸ್ತೆಯ ವೇಶ್ಯಾಗೃಹದಲ್ಲಿ ತಪ್ಪಿಸಿಕೊಳ್ಳಲು ಯತ್ನಿಸಿದ ಹೆಣ್ಣೊಬ್ಬಳನ್ನು ಹೊಡೆದು ಕೊಂದ ಪ್ರಕರಣ ನಗರವನ್ನು ತಲ್ಲಣಗೊಳಿಸಿತು. 1923ರಲ್ಲಿ ವೇಶ್ಯಾವೃತ್ತಿ ತಡೆ ಕಾಯಿದೆ ಬಂದಿತು. ಕನ್ನಡದ ಸಂಶೋಧಕರಿಗೆ ಇಲ್ಲಿ ನೇರ ಹೊಣೆಯೊಂದಿದೆ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಬಿಜಾಪುರ, ಧಾರವಾಡ ಜಿಲ್ಲೆಗಳಿಂದ ದೇವದಾಸಿಯರು ಕಾಮಾಠಿಪುರಕ್ಕೆ ಸಾಗಿಹೋದರು. 1934ರ ಬಾಂಬೆ ದೇವದಾಸಿ ರಕ್ಷಣಾ ಕಾಯಿದೆ ಜಾರಿಯಲ್ಲಿದ್ದಾಗಲೂ ಮುತ್ತು ಕಟ್ಟುವುದು ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕ ಮತ್ತೊಂದು ಕಾಯಿದೆ ಮಾಡಬೇಕಾಯಿತು. ಸವದತ್ತಿಯ ಗುಡ್ಡವನ್ನು ಧರ್ಮದ ಅಧ್ಯಾಯದಲ್ಲಿ, ಕಾಮಾಠಿಪುರವನ್ನು ಅಪರಾಧದ ಅಧ್ಯಾಯದಲ್ಲಿ ಇಟ್ಟು ಬರೆಯುವ ಪದ್ಧತಿಯನ್ನು ನಾವು ಬಿಡಬೇಕಾಗಿದೆ.

ಸ್ವಾತಂತ್ರ್ಯಾನಂತರದ ಪಾನನಿರೋಧವನ್ನು ಕುರಿತು ಇಷ್ಟು ಹೇಳಿದರೆ ಸಾಕು: 1949ರ ಕಾಯಿದೆ ಕಳ್ಳಭಟ್ಟಿಯನ್ನು ದೊಡ್ಡ ವ್ಯಾಪಾರವನ್ನಾಗಿಸಿತು, ಠಾಣೆಯ ಮಾಮೂಲನ್ನು ನಿಯತ ವರಮಾನವನ್ನಾಗಿಸಿತು. ಮಟ್ಕಾದ ಕಥೆ ಹೆಚ್ಚು ಅರ್ಥಪೂರ್ಣ. ನ್ಯೂಯಾರ್ಕ್ ಹತ್ತಿ ಪೇಟೆಯಿಂದ ತಂತಿಯಲ್ಲಿ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಗಳ ಅಂಕೆಗಳ ಮೇಲೆ ಮೊದಲು ಬಾಜಿ ನಡೆಯುತ್ತಿತ್ತು. 1960ರ ದಶಕದ ಆರಂಭದಲ್ಲಿ ಆ ದರಗಳು ಬರುವುದು ನಿಂತ ಬಳಿಕ ಮಡಕೆಯೊಳಗಿನ ಚೀಟಿ, ಆಮೇಲೆ ಇಸ್ಪೀಟೆಲೆ ಆ ಜಾಗಕ್ಕೆ ಬಂದವು. ಆಟಕ್ಕೆ ಮಡಕೆಯ ಹೆಸರೇ ನಿಂತಿತು. ಹತ್ತಿಯ ಸಟ್ಟಾ ಪೇಟೆಯಲ್ಲಿ ವ್ಯಾಪಾರವಾಗಿದ್ದದ್ದು ಗಿರಣಿಯ ಓಣಿಯಲ್ಲಿ ಜೂಜಾಗಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೂಡಿದ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಂಕೆಯಾಟ ಮಾತ್ರ ಗಿರಣಿಗಳ ಹಂಗಿಲ್ಲದೆ ಘಟ್ಟ ಇಳಿದು, ನದಿ ದಾಟಿ ನಡೆಯಿತು. ಕರ್ನಾಟಕದ ಊರುಗಳಲ್ಲಿ ಅದನ್ನು 'ಓಸಿ' ಎನ್ನುತ್ತಾರೆ. ಓಪನ್ ಮತ್ತು ಕ್ಲೋಸ್ ಎಂಬ ಹತ್ತಿ ಪೇಟೆಯ ಎರಡು ಪದಗಳ ಮೊದಲಕ್ಷರಗಳವು.