ಕರ್ತನ ಪ್ರಾರ್ಥನೆ

ಯೇಸುಕ್ರಿಸ್ತ ತನ್ನ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆ. ಲ್ಯಾಟಿನ್ ರೂಪದ ಮೊದಲೆರಡು ಪದಗಳಿಂದ ಇದಕ್ಕೆ ಪಾತೆರ್ ನೋಸ್ತೆರ್ ಎಂಬ ಹೆಸರು ಬಂದಿದೆ. ಮಂಗಳೂರು ಸೀಮೆಯ ಕೊಂಕಣಿ ಕಥೋಲಿಕರ ಮನೆಮಾತಿನಲ್ಲಿ ಇದು ‘ಆಮ್ಚ್ಯಾ ಬಾಪಾ’. ಗ್ರೀಕ್ ಮೂಲದಲ್ಲಿ ಅರವತ್ತು ಪದಗಳೂ ಇಲ್ಲದ ಈ ಪುಟ್ಟ ಪಠ್ಯ ಕಥೋಲಿಕ, ಆರ್ಥೊಡಾಕ್ಸ್, ಪ್ರಾಟೆಸ್ಟಂಟ್ ಸಭೆಗಳು ಬೇರೆಬೇರೆ ಮನೆ ಹೂಡಿದ ಮೇಲೂ ಪಾಲಾಗದೆ ಉಳಿದ ಆಸ್ತಿ. ತತ್ತ್ವಶಾಸ್ತ್ರದ ಪರಿಭಾಷೆ ಇದರಲ್ಲಿ ಇಲ್ಲವೆಂದೇ ಹೇಳಬೇಕು. ತಂದೆ, ಹೆಸರು, ರೊಟ್ಟಿ, ಸಾಲ, ಕೇಡು ಇವೆಲ್ಲ ಮನೆಯಲ್ಲೂ ಸಂತೆಯಲ್ಲೂ ಓಡಾಡುವ ಮಾತುಗಳು. ಆದರೂ ಕ್ರೈಸ್ತ ಸಿದ್ಧಾಂತದ ಕೆಲವು ದೊಡ್ಡ ವಾದಗಳು ನಡೆದದ್ದು ಈ ಮಾತುಗಳ ಸುತ್ತಲೇ.

ಪ್ರಾರ್ಥನೆ ಎರಡು ರೂಪಗಳಲ್ಲಿ ಸಿಗುತ್ತದೆ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಅದು ಪರ್ವತ ಪ್ರಸಂಗದ ಒಂದು ಭಾಗ. ಜನರ ಕಣ್ಣಿಗೆ ಬೀಳಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸಬೇಡಿ, ಬಹಳ ಮಾತಾಡಿದರೆ ದೇವರು ಕೇಳುತ್ತಾನೆಂದು ತಿಳಿಯಬೇಡಿ ಎಂದು ಎಚ್ಚರಿಸಿದ ಬೆನ್ನಿಗೇ ಯೇಸು ಇದನ್ನು ಹೇಳುತ್ತಾನೆ. ಲೂಕನ 11ನೆಯ ಅಧ್ಯಾಯದಲ್ಲಿ ಸಂದರ್ಭ ಬೇರೆ. ಸ್ನಾನಿಕ ಯೋಹಾನನು ತನ್ನ ಶಿಷ್ಯರಿಗೆ ಕಲಿಸಿದಂತೆ ನಮಗೂ ಕಲಿಸು ಎಂದು ಶಿಷ್ಯನೊಬ್ಬ ಕೇಳಿದ್ದಕ್ಕೆ ಉತ್ತರವಾಗಿ ಇನ್ನೂ ಚಿಕ್ಕದೊಂದು ರೂಪ ಬರುತ್ತದೆ. ಲೂಕನ ಹಳೆಯ ಪ್ರತಿಗಳಲ್ಲಿರುವ ಬಿನ್ನಹಗಳು ಐದು. ಮತ್ತಾಯನವು ಏಳು ಎಂದು ಹಿಪ್ಪೋದ ಬಿಷಪ್ ಅಗಸ್ಟೀನನ ಜಾಡಿನಲ್ಲಿ ಕಥೋಲಿಕರೂ ಲೂಥರನ್ನರೂ ಎಣಿಸುತ್ತಾರೆ. ಕೊನೆಯ ಎರಡನ್ನು ಒಂದೇ ಮಾಡಿ ಆರು ಎಂದು ರಿಫಾರ್ಮ್ಡ್ ಸಭೆಗಳ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಎಣಿಸುತ್ತದೆ. ಯೇಸು ಇದನ್ನು ಯಾವ ಊರಲ್ಲಿ ಕಲಿಸಿದನೆಂದು ಲೂಕ ಹೆಸರಿಸುವುದಿಲ್ಲ. ಪರಂಪರೆ ಮಾತ್ರ ಜೆರುಸಲೇಮಿನ ಎಣ್ಣೆಮರಗಳ ಗುಡ್ಡವನ್ನು ತೋರಿಸುತ್ತದೆ. 4ನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ದೊರೆ ಅಲ್ಲಿ ಕಟ್ಟಿಸಿದ ಚರ್ಚಿನ ಜಾಗದಲ್ಲಿ ಈಗ ಪಾತೆರ್ ನೋಸ್ತೆರ್ ಚರ್ಚು ಇದೆ. ಅದರ ಗೋಡೆಗಳ ಮೇಲೆ ಈ ಪ್ರಾರ್ಥನೆಯನ್ನು ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಬರೆದ ಹಂಚುಗಳನ್ನು ಕೂರಿಸಿದ್ದಾರೆ.

ಇದರ ಬೇರು ಯೆಹೂದಿ ಭಕ್ತಿಯಲ್ಲಿದೆ. ದೇವರ ಹೆಸರು ಪವಿತ್ರವಾಗಲಿ, ಆತನ ಆಳ್ವಿಕೆ ಬೇಗ ನೆಲೆಯಾಗಲಿ ಎಂಬ ಹಂಬಲ ಯೆಹೂದಿಗಳ ಕದ್ದೀಶ್ ಪ್ರಾರ್ಥನೆಯಲ್ಲೂ ಉಂಟು. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯ ‘ಅಬ್ಬ’ ಎಂಬ ಕರೆ ಮಾರ್ಕನ ಸುವಾರ್ತೆಯಲ್ಲೂ ಪೌಲನ ಎರಡು ಪತ್ರಗಳಲ್ಲೂ ಹಾಗೆಯೇ ಉಳಿದಿದೆ. ಅದು ಎಳೆಯ ಮಕ್ಕಳ ತೊದಲು ಎಂದು ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಬೆಳೆದ ಮಕ್ಕಳೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರೆಂದು ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ 1988ರಲ್ಲಿ ತೋರಿಸಿದ ಮೇಲೆ ಆ ಮಾತಿಗೆ ಬಲವಿಲ್ಲ. ‘ತಂದೆ’ಯಷ್ಟೇ ತೂಕ ‘ನಮ್ಮ’ ಎಂಬ ಪದಕ್ಕೂ ಇದೆ. ಪ್ರಾರ್ಥನೆಯ ಉದ್ದಕ್ಕೂ ‘ನಾನು’, ‘ನನ್ನ’ ಎಂಬುದು ಎಲ್ಲಿಯೂ ಇಲ್ಲ. 3ನೆಯ ಶತಮಾನದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಇದನ್ನು ಗುರುತಿಸಿ, ಒಬ್ಬನೇ ಕೋಣೆಯಲ್ಲಿ ಮೊಣಕಾಲೂರಿದರೂ ಕ್ರೈಸ್ತನು ಇಡೀ ಸಭೆಗಾಗಿಯೇ ಬೇಡುತ್ತಾನೆ ಎಂದು ವಿವರಿಸಿದ. ರೊಟ್ಟಿಯ ಬಿನ್ನಹವನ್ನು ಈ ಬೆಳಕಿನಲ್ಲಿ ಓದಿದಾಗ ಅದರ ಬಿಸಿ ತಟ್ಟುತ್ತದೆ. ನನ್ನ ತಟ್ಟೆ ತುಂಬಿ ಪಕ್ಕದ ಮನೆಯ ತಟ್ಟೆ ಬರಿದಾಗಿದ್ದರೆ ಆ ಬಿನ್ನಹ ಇನ್ನೂ ಈಡೇರಿಲ್ಲ.

ಆ ರೊಟ್ಟಿ ಎಂಥದು ಎಂಬ ಪ್ರಶ್ನೆ ಹದಿನೆಂಟು ನೂರು ವರ್ಷಗಳಿಂದ ವಿದ್ವಾಂಸರ ನಿದ್ದೆ ಕೆಡಿಸಿದೆ. ಎರಡೂ ಸುವಾರ್ತೆಗಳಲ್ಲಿ ರೊಟ್ಟಿಗೆ ‘ಎಪಿಯೂಸಿಯೋಸ್’ ಎಂಬ ವಿಶೇಷಣವಿದೆ. ಇದು ಗ್ರೀಕ್ ಸಾಹಿತ್ಯದಲ್ಲೂ ಇಲ್ಲ, ಜನರ ಬಾಯಲ್ಲೂ ಇಲ್ಲ, ಸುವಾರ್ತೆ ಬರೆದವರೇ ಕಟ್ಟಿದ ಪದವಿರಬೇಕು ಎಂದು 3ನೆಯ ಶತಮಾನದ ಒರಿಗನ್ ಬರೆದ. ಆತನಿಗೆ ಗ್ರೀಕ್ ತಾಯ್ನುಡಿ ಎಂಬುದನ್ನು ಮರೆಯಬಾರದು. ಪದವನ್ನು ಒಂದು ಬಗೆಯಲ್ಲಿ ಬಿಡಿಸಿದರೆ ‘ಬದುಕಿಗೆ ಬೇಕಾದಷ್ಟು’ ಎಂದಾಗುತ್ತದೆ, ಇನ್ನೊಂದು ಬಗೆಯಲ್ಲಿ ‘ಬರುವ ದಿನದ’ ಎಂದಾಗುತ್ತದೆ. ಜೆರೋಮ್ 4ನೆಯ ಶತಮಾನದ ಕೊನೆಯಲ್ಲಿ ಲ್ಯಾಟಿನ್ ಸುವಾರ್ತೆಗಳನ್ನು ತಿದ್ದುವಾಗ ಲೂಕನಲ್ಲಿ ‘ದಿನನಿತ್ಯದ’ ಎಂಬ ಪದವನ್ನೇ ಇಟ್ಟ. ಮತ್ತಾಯನಲ್ಲಿ ಅದೇ ಗ್ರೀಕ್ ಪದಕ್ಕೆ ‘ಎಲ್ಲ ದ್ರವ್ಯಕ್ಕೂ ಮೇಲಾದ’ ಎಂಬ ಅರ್ಥದ ಹೊಸ ಲ್ಯಾಟಿನ್ ಪದವನ್ನು ಹಾಕಿದ. ಹೀಬ್ರೂಗಳ ಸುವಾರ್ತೆ ಎಂಬ ಗ್ರಂಥದಲ್ಲಿ ಈ ಜಾಗದಲ್ಲಿ ‘ನಾಳೆ’ ಎಂಬ ಅರ್ಥದ ‘ಮಹಾರ್’ ಪದವಿತ್ತೆಂದೂ ಆತನೇ ದಾಖಲಿಸಿದ್ದಾನೆ. ಸಿರಿಯಾಕ್ ಭಾಷೆಯ ಬೈಬಲಾದ ಪೆಶಿತ್ತಾ ಇಷ್ಟೆಲ್ಲ ಸುತ್ತಾಡದೆ ‘ನಮ್ಮ ಅಗತ್ಯದ ರೊಟ್ಟಿ’ ಎಂದುಬಿಡುತ್ತದೆ.

ಒಂದು ಕಾಲಕ್ಕೆ ಈ ಒಗಟು ಬಿಡಿಸಿದಂತಾಯಿತೆಂದೇ ಹಲವರು ನಂಬಿದ್ದರು. ಈಜಿಪ್ಟಿನ ಪಪೈರಸ್ ಚೂರೊಂದರಲ್ಲಿ, ಮನೆಖರ್ಚಿನ ಪಟ್ಟಿಯ ನಡುವೆ, ಈ ಪದ ಇದೆಯೆಂದು ಎ. ಎಚ್. ಸೇಸ್ ಎಂಬ ವಿದ್ವಾಂಸ 1889ರಲ್ಲಿ ಓದಿದ. ಮುಂದೆ ಆ ಚೂರು ಕಣ್ಮರೆಯಾಯಿತು, ಓದು ಮಾತ್ರ ನಿಘಂಟುಗಳಿಗೆ ಸೇರಿತು. 20ನೆಯ ಶತಮಾನದ ಕೊನೆಗೆ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದು ಮತ್ತೆ ಸಿಕ್ಕಾಗ ನೋಡಿದರೆ, ಅಲ್ಲಿದ್ದದ್ದು ‘ಎಣ್ಣೆ’ ಎಂಬ ಪದ. ಒರಿಗನ್ ಹೇಳಿದ ಮಾತು ಇಂದಿಗೂ ಸುಳ್ಳಾಗಿಲ್ಲ.

ಅರ್ಥ ತೀರ್ಮಾನವಾಗದಿದ್ದುದರಿಂದ ರೊಟ್ಟಿಯ ಹರವು ಹಿಗ್ಗುತ್ತ ಹೋಯಿತು. ಸಭಾಪಿತೃಗಳಲ್ಲಿ ಹಲವರು ಇದರಲ್ಲಿ ಬಲಿಪೂಜೆಯ ಪ್ರಸಾದವನ್ನು ಕಂಡರು, ದೇವರ ವಾಕ್ಯವನ್ನು ಕಂಡರು. ಮಾರ್ಟಿನ್ ಲೂಥರ್ 1529ರ ಚಿಕ್ಕ ಪ್ರಶ್ನೋತ್ತರದಲ್ಲಿ ಅದನ್ನು ನೆಲಕ್ಕಿಳಿಸಿದ. ಊಟ ಬಟ್ಟೆಗಳಿಂದ ಹಿಡಿದು ಪಾದರಕ್ಷೆ, ಹೊಲ, ದನಕರು, ಒಳ್ಳೆಯ ಆಡಳಿತ, ಹದವಾದ ಹವೆ, ನಂಬಿಕಸ್ಥ ನೆರೆಹೊರೆ ಎಲ್ಲವೂ ಅವನ ಪಾಲಿಗೆ ರೊಟ್ಟಿಯೇ. ಬೈಬಲನ್ನೇ ಕೇಳಿದರೆ ವಿಮೋಚನಕಾಂಡದ 16ನೆಯ ಅಧ್ಯಾಯದ ಮನ್ನದ ಕಥೆ ಇದಕ್ಕೆ ಎಲ್ಲಕ್ಕಿಂತ ಹತ್ತಿರದ ಟೀಕೆ ಎನಿಸುತ್ತದೆ. ಅರಣ್ಯದಲ್ಲಿ ಇಸ್ರಾಯೇಲ್ಯರು ಆಯಾ ದಿನಕ್ಕೆ ಸಾಕಾಗುವಷ್ಟನ್ನೇ ಕೂಡಿಸಬೇಕಿತ್ತು. ನಾಳೆಗೆಂದು ಎತ್ತಿಟ್ಟದ್ದು ಹುಳ ಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನದ ಇಮ್ಮಡಿ ಪಾಲು ಮಾತ್ರ ಕೆಡಲಿಲ್ಲ. ಕನ್ನಡ ಬೈಬಲು ‘ರೊಟ್ಟಿ’ ಎನ್ನದೆ ‘ಅನುದಿನದ ಆಹಾರ’ ಎಂದಿದೆ. ಮುದ್ದೆ, ಅನ್ನ, ಜೋಳದ ರೊಟ್ಟಿ ಎಂದು ಸೀಮೆಗೊಂದು ಊಟವಿರುವ ನಾಡಿಗೆ ಇದು ವಿವೇಕದ ಆಯ್ಕೆ.

ಕ್ಷಮೆಯ ಬಿನ್ನಹದಲ್ಲಿ ಮತ್ತಾಯ ಬಳಸಿದ್ದು ‘ಸಾಲ’ ಎಂಬ ಪದ. ಅರಾಮಿಕ್‌ನಲ್ಲಿ ‘ಹೋಬ’ ಎಂದರೆ ಸಾಲವೂ ಹೌದು, ಪಾಪವೂ ಹೌದು. ಲೂಕ ಮೊದಲರ್ಧದಲ್ಲಿ ‘ಪಾಪ’ ಎಂದು ಬಿಡಿಸಿ ಹೇಳಿದರೂ ಎರಡನೆಯ ಅರ್ಧದಲ್ಲಿ ಸಾಲಗಾರನನ್ನು ಉಳಿಸಿಕೊಂಡ. ಕನ್ನಡ ಅನುವಾದದಲ್ಲಿ ಮತ್ತಾಯನ ಸಾಲ ‘ತಪ್ಪು’ ಆಗಿದೆ. ಅರ್ಥ ತಿಳಿಯಾಯಿತು, ಲೆಕ್ಕದ ಪುಸ್ತಕದ ಚಿತ್ರ ಮಾತ್ರ ಕಳೆದುಹೋಯಿತು. ಆ ಚಿತ್ರವಿಲ್ಲದೆ ಮತ್ತಾಯನ 18ನೆಯ ಅಧ್ಯಾಯದ ಸಾಮ್ಯ ಈ ಪ್ರಾರ್ಥನೆಯ ನಂಟನೆಂದು ಗೊತ್ತಾಗುವುದು ಕಷ್ಟ. ಅಲ್ಲಿ 10,000 ತಲಾಂತುಗಳ ತೀರಿಸಲಾಗದ ಸಾಲ ಮನ್ನಾ ಆದ ಸೇವಕನೊಬ್ಬ ಹೊರಗೆ ಬಂದವನೇ, ತನಗೆ 100 ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಮತ್ತಾಯನು ಪ್ರಾರ್ಥನೆ ಮುಗಿದ ಕೂಡಲೇ ವಿವರಣೆ ಕೊಡುವುದು ಈ ಒಂದೇ ಬಿನ್ನಹಕ್ಕೆ. ನೀವು ಕ್ಷಮಿಸದಿದ್ದರೆ ನಿಮಗೂ ಕ್ಷಮೆಯಿಲ್ಲ ಎಂಬ ಆ ಷರತ್ತು ಕೃಪೆಯ ಸಿದ್ಧಾಂತಕ್ಕೆ ಎದುರಾಗಿ ಕಾಣುವುದರಿಂದ ವ್ಯಾಖ್ಯಾನಕಾರರು ಅದನ್ನು ಮೆದುಗೊಳಿಸಲು ಬಹಳ ಶ್ರಮಪಟ್ಟಿದ್ದಾರೆ. ಸಾಮ್ಯದ ಕ್ರಮವನ್ನು ಗಮನಿಸಿದರೆ ಬಿಕ್ಕಟ್ಟು ಸಡಿಲವಾಗುತ್ತದೆ. ಅಲ್ಲಿ ಮೊದಲು ಆದದ್ದು ದೊಡ್ಡ ಸಾಲದ ಮನ್ನಾ. ಕೈಗೆ ಬಂದ ಕ್ಷಮೆಯನ್ನು ಮುಂದಕ್ಕೆ ದಾಟಿಸದವನು ಅದನ್ನೇ ಕಳೆದುಕೊಂಡ.

ಈ ಬಿನ್ನಹವೇ ಒಂದು ಪಂಥದ ವಿರುದ್ಧ ಸಾಕ್ಷಿಯಾಗಿಯೂ ನಿಂತಿತು. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಲ್ಲನೆಂಬುದು ಪೆಲಾಗಿಯಸನ ಕಡೆಯವರ ನಿಲುವು. ಹಾಗಿದ್ದರೆ ಸಂತರು ದಿನವೂ ಕ್ಷಮೆ ಬೇಡುವುದೇಕೆ? ಇತರರ ಪರವಾಗಿ, ಇಲ್ಲವೆ ವಿನಯಕ್ಕಾಗಿ ಎಂಬ ಸಮಾಧಾನವನ್ನು 418ರ ಕಾರ್ಥೇಜ್ ಸಭೆ ತಳ್ಳಿಹಾಕಿತು. ಸಂತರೂ ತಮಗಾಗಿಯೇ, ನಿಜವಾಗಿಯೇ ಹಾಗೆ ಬೇಡುತ್ತಾರೆ ಎಂದು ನಿರ್ಣಯಿಸಿತು.

ನಮ್ಮನ್ನು ಶೋಧನೆಯೊಳಗೆ ಸೇರಿಸಬೇಡ ಎಂಬ ಬಿನ್ನಹದ ವಿವಾದ ನಮ್ಮ ಕಾಲದ್ದು. ಗ್ರೀಕಿನ ‘ಪೈರಾಸ್ಮೋಸ್’ ಪರೀಕ್ಷೆಯನ್ನೂ ಹೇಳುತ್ತದೆ, ಪಾಪದ ಸೆಳೆತವನ್ನೂ ಹೇಳುತ್ತದೆ. ದೇವರು ಯಾರನ್ನೂ ಪಾಪಕ್ಕೆ ಎಳೆಯುವುದಿಲ್ಲವೆಂದು ಯಾಕೋಬನ ಪತ್ರ ಹೇಳುವಾಗ, ಅದರೊಳಗೆ ನಮ್ಮನ್ನು ಸೇರಿಸಬೇಡವೆಂದು ದೇವರನ್ನೇ ಕೇಳುವುದು ಹೇಗೆ? ಫ್ರೆಂಚ್ ಕಥೋಲಿಕ ಸಭೆ 2017ರ ಡಿಸೆಂಬರಿನಲ್ಲಿ ತನ್ನ ಪಠ್ಯವನ್ನು ಬದಲಿಸಿತು. ಅದೇ ತಿಂಗಳು ಪೋಪ್ ಫ್ರಾನ್ಸಿಸ್ ಹಳೆಯ ಇಟಾಲಿಯನ್ ಅನುವಾದ ಸರಿಯಿಲ್ಲವೆಂದರು. ಬೀಳಿಸುವುದು ತಂದೆಯ ಕೆಲಸವಲ್ಲ, ಬಿದ್ದವನನ್ನು ಎತ್ತುವುದು ತಂದೆಯ ಕೆಲಸ ಎಂಬುದು ಅವರ ವಾದದ ತಿರುಳು. ಪರಿಷ್ಕೃತ ಇಟಾಲಿಯನ್ ಪಠ್ಯ 2020ರ ನವೆಂಬರಿನಿಂದ ಪೂಜೆಯಲ್ಲಿ ಬಳಕೆಗೆ ಬಂತು. ಗ್ರೀಕ್ ಪಠ್ಯ ಅಷ್ಟು ಮೃದುವಲ್ಲವೆಂದು ಆಕ್ಷೇಪಿಸಿದವರ ಮಾತಿನಲ್ಲೂ ಹುರುಳಿದೆ. ಕನ್ನಡದ ‘ಶೋಧನೆ’ ಎಂಬ ಪದದಲ್ಲಿ ಚಿನ್ನವನ್ನು ಒರೆಗೆ ಹಚ್ಚಿ ನೋಡುವ ಧ್ವನಿಯೂ ಇರುವುದರಿಂದ ಇಲ್ಲಿ ಓದುಗನಿಗೆ ಅಷ್ಟು ಕಸಿವಿಸಿಯಾಗದು. ಕನ್ನಡ ಪಠ್ಯಕ್ಕೂ ತನ್ನದೇ ಚರಿತ್ರೆಯಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಬಳ್ಳಾರಿಯಲ್ಲಿ ದುಡಿದು 1831ರಲ್ಲಿ ಪೂರ್ಣ ಕನ್ನಡ ಬೈಬಲನ್ನು ಹೊರತಂದರು. ಅಲ್ಲಿಂದೀಚೆಗೆ ಪರಿಷ್ಕರಣೆಗಳು ಹಲವು ನಡೆದಿವೆ. ಪ್ರಾಟೆಸ್ಟಂಟರ ಬಳಕೆಯ ಕನ್ನಡ ಪಠ್ಯದಲ್ಲಿ ದೇವರನ್ನು ‘ನೀನು’ ಎಂದೇ ಕರೆಯುತ್ತಾರೆ. ಶರಣರೂ ದಾಸರೂ ದೇವರೊಡನೆ ಮಾತಾಡಿದ್ದು ಹಾಗೆಯೇ ಆದ್ದರಿಂದ ಕಿವಿಗೆ ಅದು ಹೊರಗಿನದೆನಿಸುವುದಿಲ್ಲ.

ದಿನಕ್ಕೆ ಮೂರು ಸಲ ಇದನ್ನು ಹೇಳಬೇಕೆಂದು ಆದಿ ಸಭೆಯ ಕೈಪಿಡಿಯಾದ ದಿದಖೆ ವಿಧಿಸುತ್ತದೆ. ಅಗಸ್ಟೀನನ ಹಿಪ್ಪೋದಲ್ಲಿ ದೀಕ್ಷಾಸ್ನಾನಕ್ಕೆ ಅಣಿಯಾದವರಿಗೆ ಮೊದಲು ವಿಶ್ವಾಸಸೂತ್ರ, ಆಮೇಲೆ ಈ ಪ್ರಾರ್ಥನೆಯನ್ನು ಬಾಯಿಪಾಠಕ್ಕೆ ಕೊಡುತ್ತಿದ್ದರು. ಗುರುವರ್ಗಕ್ಕೆ ಸೇರದ ಸಹೋದರರು ಕೀರ್ತನೆಗಳ ಬದಲು ಇದನ್ನೇ ಹೇಳಬೇಕೆಂದು ಅಸಿಸಿಯ ಫ್ರಾನ್ಸಿಸನ 1223ರ ನಿಯಮ ವಿಧಿಸಿತು. ನಸುಕಿನ ಜಾಮಕ್ಕೆ 24, ಸಂಜೆಗೆ 12, ಹೀಗೆ ಎಲ್ಲ ಕೂಡಿ ದಿನಕ್ಕೆ 76 ಸಲ. ಮಧ್ಯಯುಗದ ಯೂರೋಪಿನ ಅಡುಗೆಮನೆಗಳಲ್ಲಿ ಗಡಿಯಾರವಿಲ್ಲದಾಗ, ಇಷ್ಟು ಸಲ ಪಾತೆರ್ ನೋಸ್ತೆರ್ ಹೇಳುವಷ್ಟು ಹೊತ್ತು ಕುದಿಸಿ ಎಂದೇ ಅಳತೆ ಕೊಡುತ್ತಿದ್ದರು. ಸಿಮೋನ್ ವೇಲ್ ಎಂಬ ಫ್ರೆಂಚ್ ಚಿಂತಕಿ 1941ರಲ್ಲಿ ಇದನ್ನು ಗ್ರೀಕಿನಲ್ಲಿ ಬಾಯಿಪಾಠ ಮಾಡಿ, ದ್ರಾಕ್ಷಿ ಕೊಯ್ಯುತ್ತ ದಿನವೂ ಹೇಳಿಕೊಂಡಳು. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆ ದೀಪ ಹಚ್ಚಿ ತೇರ್ಸ್ ಎಂಬ ಜಪಸರ ಪ್ರಾರ್ಥನೆ ಹೇಳುವಾಗ ಜಪಸರದ ಪ್ರತಿ ಹತ್ತು ಮಣಿಗಳ ಗುಂಪು ಈ ಪ್ರಾರ್ಥನೆಯಿಂದಲೇ ಶುರು.

ರಾಜ್ಯ, ಬಲ, ಮಹಿಮೆಗಳು ದೇವರವೇ ಎನ್ನುವ ಕೊನೆಯ ಸ್ತುತಿವಾಕ್ಯ 4ನೆಯ ಶತಮಾನದ ಸೈನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ. ಅದರ ಹಳೆಯ ರೂಪವೊಂದು ದಿದಖೆಯಲ್ಲಿದೆ. ಸಭೆ ಪ್ರಾರ್ಥಿಸುತ್ತ ಸೇರಿಸಿಕೊಂಡದ್ದು ಮುಂದೆ ಹಸ್ತಪ್ರತಿಗಳಿಗೂ ಹರಿದಿರಬೇಕು. ಪ್ರಾಟೆಸ್ಟಂಟರು ಅದನ್ನು ಪ್ರಾರ್ಥನೆಯ ಭಾಗವಾಗಿಯೇ ಹೇಳುತ್ತಾರೆ. ಕಥೋಲಿಕ ಪೂಜೆಯಲ್ಲಿ ನಡುವೆ ಗುರುಗಳ ಒಂದು ಪ್ರಾರ್ಥನೆ ಬಂದು, ಅದಾದ ಮೇಲೆ ಜನ ಈ ಸ್ತುತಿಯನ್ನು ಹೇಳುವ ಕ್ರಮ 1970ರ ಪೂಜಾಗ್ರಂಥದಿಂದ ನೆಲೆಯಾಯಿತು. ಹಾಗಾಗಿ ಮದುವೆಗೋ ಮಣ್ಣಿಗೋ ಎರಡೂ ಸಭೆಗಳ ಜನ ಒಂದೆಡೆ ಸೇರಿ ಇದನ್ನು ಹೇಳುವಾಗ, ಕೇಡಿನಿಂದ ಬಿಡಿಸೆಂಬಲ್ಲಿಗೆ ಅರ್ಧ ಜನರ ದನಿ ನಿಲ್ಲುತ್ತದೆ, ಉಳಿದವರ ದನಿ ಮುಂದೆ ಹೋಗುತ್ತದೆ, ಆಮೆನ್ ಹೊತ್ತಿಗೆ ನಿಂತವರೂ ಬಂದು ಕೂಡಿಕೊಳ್ಳುತ್ತಾರೆ.