ಗಿಡಮೂಲಿಕೆಯ ಮಾಯಿಶ್ಚರೈಸರ್ ಲೋಷನ್

ಗಿಡಮೂಲಿಕೆಯ ಮಾಯಿಶ್ಚರೈಸರ್ ಲೋಷನ್ ಎಂಬುದು ಸಸ್ಯಜನ್ಯ ಎಣ್ಣೆ, ಸಸ್ಯಸಾರ ಹಾಗೂ ನೀರನ್ನು ಬೆರೆಸಿ ತಯಾರಿಸುವ, ಒಣ ಚರ್ಮಕ್ಕೆ ಲೇಪಿಸುವ ಪ್ರಸಾಧನ. ಇದು ಸಾಮಾನ್ಯವಾಗಿ ನೀರಿನಲ್ಲಿ ಎಣ್ಣೆಯ ಸೂಕ್ಷ್ಮ ಹನಿಗಳು ಹರಡಿರುವ ಎಮಲ್ಷನ್ ಆಗಿರುತ್ತದೆ. ಹಾಲು ಇಂತಹ ಎಮಲ್ಷನ್‌ಗೆ ನಿಸರ್ಗದತ್ತ ಉದಾಹರಣೆ.

ಹಿನ್ನೆಲೆ

ಕ್ರಿ.ಶ. 2ನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್‌ನ ಹೆಸರಿನೊಂದಿಗೆ ಗುರುತಿಸಲಾಗುವ ಕೋಲ್ಡ್ ಕ್ರೀಮ್ ಜೇನುಮೇಣ, ಎಣ್ಣೆ ಮತ್ತು ಗುಲಾಬಿ ನೀರಿನ ಮಿಶ್ರಣವಾಗಿತ್ತು. ಆಯುರ್ವೇದದಲ್ಲಿ ತುಪ್ಪವನ್ನು ನೂರು ಬಾರಿ ನೀರಿನಿಂದ ತೊಳೆದು ಬಿಳಿಯ, ನುಣುಪಾದ ಶತಧೌತ ಘೃತವನ್ನು ಸಿದ್ಧಪಡಿಸುತ್ತಾರೆ. ಪಶ್ಚಿಮ ಘಟ್ಟ ಪ್ರದೇಶದಲ್ಲಿ ಮುರುಗಲು ಬೀಜದಿಂದ ತೆಗೆದ ಗಟ್ಟಿ ಕೊಬ್ಬನ್ನು ಒಡೆದ ಹಿಮ್ಮಡಿಗೆ ಹಚ್ಚುವ ರೂಢಿಯಿದೆ.

ಘಟಕಗಳು

ಘಟಕಗಳನ್ನು ಅವುಗಳ ಕಾರ್ಯಕ್ಕನುಗುಣವಾಗಿ ಹೀಗೆ ವಿಂಗಡಿಸಬಹುದು:
- ತೇವಾಂಶವನ್ನು ಸೆಳೆದು ಹಿಡಿಯುವವು: ಗ್ಲಿಸರಿನ್, ಲೋಳೆಸರದ ತಿರುಳು
- ಚರ್ಮವನ್ನು ಮೃದುಗೊಳಿಸುವವು: ತೆಂಗಿನೆಣ್ಣೆ, ಎಳ್ಳೆಣ್ಣೆ, ಬಾದಾಮಿ ಎಣ್ಣೆ
- ನೀರು ಆವಿಯಾಗದಂತೆ ತಡೆಯುವವು: ಜೇನುಮೇಣ, ಮುರುಗಲು ಕೊಬ್ಬು
- ಎಣ್ಣೆ ಹಾಗೂ ನೀರು ಬೇರ್ಪಡದಂತೆ ಹಿಡಿದಿಡುವ ಎಮಲ್ಸಿಫೈಯರ್‌ಗಳು

ಜೇನುಮೇಣವೊಂದೇ ಸ್ಥಿರವಾದ ಲೋಷನ್‌ಗೆ ಸಾಕಾಗುವುದಿಲ್ಲ; ಪ್ರತ್ಯೇಕ ಎಮಲ್ಸಿಫೈಯರ್ ಅಗತ್ಯ.

ತಯಾರಿಕೆ

ಎಣ್ಣೆಯ ಭಾಗ ಮತ್ತು ನೀರಿನ ಭಾಗಗಳನ್ನು ಬೇರೆಬೇರೆಯಾಗಿ ಸುಮಾರು 70–75 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಕಲಕುತ್ತಾ ಒಂದುಗೂಡಿಸಲಾಗುತ್ತದೆ. ಮಿಶ್ರಣ ತಣಿದ ಬಳಿಕ ಶಾಖಕ್ಕೆ ಕೆಡುವ ಸಾರಗಳನ್ನೂ ಸುಗಂಧವನ್ನೂ ಸೇರಿಸುತ್ತಾರೆ. ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುವುದರಿಂದ ಲೋಷನ್‌ನ ಪಿಎಚ್ ಮೌಲ್ಯವನ್ನು ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿ ಇರಿಸಲಾಗುತ್ತದೆ.

ಸಂರಕ್ಷಣೆ

ನೀರು ಹಾಗೂ ಸಸ್ಯಸಾರಗಳಿರುವ ಲೋಷನ್‌ನಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಸುಲಭವಾಗಿ ಬೆಳೆಯುತ್ತವೆ. ಬಣ್ಣ, ವಾಸನೆಗಳು ಬದಲಾಗುವ ಮೊದಲೇ ಅದು ಕಲುಷಿತವಾಗಿರಬಹುದು. ವಿಟಮಿನ್ ಇ ಸಂರಕ್ಷಕವೆಂಬ ನಂಬಿಕೆ ಪ್ರಚಲಿತದಲ್ಲಿದ್ದರೂ ಅದು ಎಣ್ಣೆ ಕಮಟುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ಸೂಕ್ಷ್ಮಜೀವಿಗಳನ್ನು ತಡೆಯುವುದಿಲ್ಲ. ಆದ್ದರಿಂದ ಸೋಡಿಯಂ ಬೆಂಜೋಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಮುಂತಾದ ಸಂರಕ್ಷಕಗಳನ್ನು ಬಳಸುತ್ತಾರೆ. ಇವು ಆಮ್ಲೀಯ ಮಾಧ್ಯಮದಲ್ಲಿ ಮಾತ್ರ ಪರಿಣಾಮಕಾರಿ.

ಪರೀಕ್ಷೆ ಮತ್ತು ಸುರಕ್ಷತೆ

ಸಿದ್ಧ ಲೋಷನ್‌ನ ಪಿಎಚ್, ಸ್ನಿಗ್ಧತೆ, ಪದರಗಳ ಬೇರ್ಪಡುವಿಕೆ ಹಾಗೂ ಸೂಕ್ಷ್ಮಜೀವಿಗಳ ಪ್ರಮಾಣವನ್ನು ಪರೀಕ್ಷಿಸಲಾಗುತ್ತದೆ. ಸಸ್ಯಮೂಲದ್ದೆಂಬ ಕಾರಣಕ್ಕೆ ಯಾವುದೇ ಘಟಕ ನಿರಪಾಯಕಾರಿಯಾಗುವುದಿಲ್ಲ: ಲೋಳೆಸರದ ಎಲೆಯ ಹಳದಿ ರಸ, ಟೀ ಟ್ರೀ ಎಣ್ಣೆ ಮುಂತಾದವು ಕೆಲವರಲ್ಲಿ ತುರಿಕೆ, ಉರಿಯೂತ ಉಂಟುಮಾಡಬಲ್ಲವು. ಮೊದಲ ಬಾರಿ ಬಳಸುವಾಗ ಮುಂಗೈಯ ಒಳಭಾಗದಲ್ಲಿ ಅಲ್ಪ ಪ್ರಮಾಣದಲ್ಲಿ ಹಚ್ಚಿ ನೋಡುವುದು ಸೂಕ್ತ. ಭಾರತದಲ್ಲಿ ಪ್ರಸಾಧನಗಳ ತಯಾರಿಕೆ ಮತ್ತು ಮಾರಾಟವು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ ಹಾಗೂ 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳಿಗೆ ಒಳಪಟ್ಟಿವೆ.