ಚಾರಣ

ಸಂಸ್ಕೃತದ ‘ಚರ್’ ಧಾತುವಿಗೆ ನಡೆ, ಓಡಾಡು ಎಂದರ್ಥ. ಸಂಚಾರ, ಆಚಾರ, ಗೂಢಚಾರ ಎಲ್ಲವೂ ಅದೇ ಬೇರಿನವು, ‘ಚಾರಣ’ವೂ. ರಾಜಸ್ಥಾನ, ಗುಜರಾತಿನಲ್ಲಿ ಚಾರಣರೆಂದರೆ ರಾಜರನ್ನು ಹಾಡಿ ಹೊಗಳುತ್ತಿದ್ದ ಕವಿಕುಲ. ಜೈನರಲ್ಲಿ ಅರ್ಥ ಇನ್ನೂ ಸೊಗಸು: ಆಕಾಶದಲ್ಲಿ ಸಂಚರಿಸುವ ಸಿದ್ಧಿ ಪಡೆದ ಮುನಿಗಳೇ ಚಾರಣರು. ಪಂಪನ ‘ಆದಿಪುರಾಣ’ದಲ್ಲಿ (ಕ್ರಿ.ಶ. 941) ವಜ್ರಜಂಘ, ಶ್ರೀಮತಿಯರು ಕಾಡಿನ ಬೀಡಿನಲ್ಲಿ ಆಹಾರದಾನ ಮಾಡುವುದು ಇಂಥ ಇಬ್ಬರಿಗೆ. ದಾರಿಯ ಹಂಗೇ ಇಲ್ಲದವರು!

ಇಂದಿನ ಕನ್ನಡದಲ್ಲಿ ಚಾರಣವೆಂದರೆ ಟ್ರೆಕ್ಕಿಂಗ್; ಹೋಗುವವರು ಚಾರಣಿಗರು. ಬೆಂಗಳೂರಿನಲ್ಲಿ ಕೆಂಗೇರಿಯವರಿಗೆ ತುರಹಳ್ಳಿಯ ಬಂಡೆಗಳು ಹತ್ತಿರ. ವಿಜಯನಗರ, ಬಸವೇಶ್ವರನಗರದವರು ಮಾಗಡಿ ರಸ್ತೆ ಹಿಡಿದರೆ 1,226 ಮೀಟರ್ ಎತ್ತರದ ಸಾವನದುರ್ಗ. ಮೆಟ್ಟಿಲು ಕಟ್ಟಿದ ಬೆಟ್ಟ ಹತ್ತಿದ್ದನ್ನೂ ಚಾರಣ ಎನ್ನುವವರಿದ್ದಾರೆ, ನನಗೇಕೋ ಮನಸ್ಸೊಪ್ಪದು.

ಹಿಮಾಲಯದ ವಸಂತದಲ್ಲಿ ಪದ ಮತ್ತೆ ಹಿಗ್ಗುತ್ತದೆ. ರಾತ್ರಿ ಹೆಪ್ಪುಗಟ್ಟಿದ ಹಿಮ ಮಧ್ಯಾಹ್ನದ ಬಿಸಿಲಿಗೆ ಸಡಿಲಗೊಂಡು ಕಾಲು ಹೂತುಹೋಗುತ್ತದೆ. ಹಾಗಾಗಿ ಯಾರೂ ತುಳಿಯದ ಇಳಿಜಾರು ಹುಡುಕುವವರು ನಸುಕಿನಲ್ಲೇ ಏರತೊಡಗುತ್ತಾರೆ. ಅಲ್ಲಿಯವರೆಗಿನದು ಚಾರಣ. ಮೇಲಿಂದ ಹಲಗೆ ಕಟ್ಟಿಕೊಂಡು ಜಾರುವುದಕ್ಕೆ ಕನ್ನಡಿಗರೂ ಸ್ಕೀಯಿಂಗ್ ಎಂದೇ ಅನ್ನುತ್ತಾರೆ.